ಆಟಗಾರನಿಗಾಗಿ ಕಾಯದ ಸಮರ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಇಂದು ಆ ಒಲೆಯ ಸ್ಥಾನಕ್ಕೆ ಕಂಪ್ಯೂಟರಿನ ತೆರೆ ಬಂದಿದೆ. ಕುರ್ಚಿಯಲ್ಲಿ ಕುಳಿತಲ್ಲಿಯೇ ಶತ್ರುವಿಮಾನಗಳನ್ನು ಸಾಲುಸಾಲಾಗಿ ಉರುಳಿಸಿ, ತಾಯಿ ಕೂಗಿದೊಡನೆ ಊಟಕ್ಕೆ ಏಳುವ ಕುಮಾರರಿಗೆ ಈಗ ಕೊರತೆಯಿಲ್ಲ. ಇಂತಹ ಆಟಗಳಲ್ಲಿ ಬಹುಪಾಲು ಒಂದೇ ಕಟ್ಟಳೆಗೆ ಒಳಪಟ್ಟಿವೆ: ಆಟಗಾರನೇ ಕಥಾನಾಯಕ. ಅವನು ನಡೆದರೆ ಯುದ್ಧ ಮುಂದುವರಿಯುತ್ತದೆ, ನಿಂತರೆ ನಿಲ್ಲುತ್ತದೆ. ಶತ್ರುಗಳೆಲ್ಲ ಅವನ ಗುರಿಗೆ ಸಿಕ್ಕುವುದಕ್ಕೆಂದೇ ಜನ್ಮವೆತ್ತಿದವರು.

ಈ ಕಟ್ಟಳೆಯನ್ನು ಮುರಿದ ಆಟವೊಂದುಂಟು. ಅದರ ಹೆಸರು ‘ಫಾಲ್ಕನ್ 4.0’. ಫಾಲ್ಕನ್ ಎಂದರೆ ಡೇಗೆ. ಅಮೆರಿಕದ ಗಿಲ್‌ಮನ್ ಲೂಯಿ ಎಂಬಾತ ರೂಪಿಸಿದ ಮೊದಲ ಫಾಲ್ಕನ್ 1987ರಲ್ಲಿ ಹೊರಬಂದಿತ್ತು. ಅದೇ ವಂಶದ ಈ ಕುಡಿಯನ್ನು 1998ರ ಡಿಸೆಂಬರಿನಲ್ಲಿ ಮೈಕ್ರೋಪ್ರೋಸ್ ಸಂಸ್ಥೆ ಪ್ರಕಟಿಸಿತು. ಎಫ್-16 ಯುದ್ಧವಿಮಾನವನ್ನು ನಡೆಸುವ ಬಗೆಯನ್ನು ವಿವರಿಸಲು ಆಟದೊಡನೆ ಬಂದ ಕೈಪಿಡಿಯೇ 500 ಪುಟಗಳನ್ನು ಮೀರಿತ್ತು. ಪರೀಕ್ಷೆಗೆ ಓದುವವರೂ ಬೆದರುವಂತಹ ಗಾತ್ರ!

ರಣರಂಗದ ಲೆಕ್ಕಪತ್ರ

ಆದರೆ ಇದರ ಹಿರಿಮೆ ವಿಮಾನದಲ್ಲಿಲ್ಲ, ಯುದ್ಧದಲ್ಲಿದೆ. ಕೊರಿಯಾ ಪರ್ಯಾಯದ್ವೀಪದ ಉತ್ತರ ದಕ್ಷಿಣಗಳ ನಡುವೆ ಮತ್ತೊಮ್ಮೆ ಸಮರ ಸಿಡಿದರೆ ಏನಾದೀತೆಂಬ ಕಲ್ಪನೆಯೇ ಇದರ ತಳಹದಿ. ಎರಡೂ ಪಕ್ಷಗಳಿಗೆ ಪದಾತಿದಳ, ಟ್ಯಾಂಕುಗಳು, ಸೇತುವೆಗಳು, ವಿಮಾನನಿಲ್ದಾಣಗಳು, ಇಂಧನ ಮದ್ದುಗುಂಡುಗಳ ದಾಸ್ತಾನು ಎಲ್ಲವೂ ಇವೆ. ಎರಡು ಕಡೆಯ ಸೇನಾಪತಿತ್ವವನ್ನೂ ಯಂತ್ರವೇ ವಹಿಸುತ್ತದೆ. ಯಾವ ದಳ ಎಷ್ಟು ಹೊತ್ತಿಗೆ ಏರಬೇಕು, ಯಾವ ಸೇತುವೆಯನ್ನು ಕೆಡವಬೇಕು ಎಂಬ ಪಟ್ಟಿಯನ್ನು ಅದು ಎಡೆಬಿಡದೆ ಸಿದ್ಧಪಡಿಸುತ್ತಿರುತ್ತದೆ. ಆ ಪಟ್ಟಿಯಿಂದ ಒಂದು ಕಾರ್ಯವನ್ನು ಆರಿಸಿಕೊಳ್ಳುವವನು ಆಟಗಾರ. ಅವನು ಯಾವುದನ್ನೂ ಆರಿಸದೆ ಸುಮ್ಮನೆ ನೋಡುತ್ತ ಕುಳಿತರೂ ವಿಮಾನಗಳು ಏರುತ್ತವೆ, ಗಡಿರೇಖೆ ಸರಿಯುತ್ತದೆ. ಅವನ ಕೈ ಸೋಕದೆಯೇ ಯುದ್ಧ ಸೋಲಬಹುದು, ಗೆಲ್ಲಲೂಬಹುದು. ಅವನು ಸೇನಾಪತಿಯಲ್ಲ, ಹಲವು ನೂರರಲ್ಲಿ ಒಬ್ಬ ವೈಮಾನಿಕ ಮಾತ್ರ.

1998ರ ಪುಟ್ಟ ಕಂಪ್ಯೂಟರು ಇಷ್ಟು ದೊಡ್ಡ ರಣರಂಗದ ಭಾರವನ್ನು ಹೊತ್ತುದಾದರೂ ಹೇಗೆ? ಉಪಾಯ ಸರಳವಾಗಿದೆ. ತೇರಿನ ಬೀದಿಯಲ್ಲಿ ನಿಂತವನಿಗೆ ಹತ್ತಿರದವರ ಮುಖಗಳು ಒಂದೊಂದಾಗಿ ಕಾಣುತ್ತವೆ; ದೂರದವರು ಬರಿಯ ಜನಸಂದಣಿ. ಆಟವೂ ಹಾಗೆಯೇ ಆಟಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಗುಳ್ಳೆಯನ್ನು ಕಟ್ಟುತ್ತದೆ. ಆ ಗುಳ್ಳೆಯೊಳಗೆ ಪ್ರತಿಯೊಂದು ಟ್ಯಾಂಕೂ ಬೇರೆಬೇರೆಯಾಗಿ ಓಡುತ್ತದೆ, ಪ್ರತಿಯೊಂದು ವಿಮಾನವೂ ಬೇರೆಬೇರೆಯಾಗಿ ಹಾರುತ್ತದೆ. ಹೊರಗಿನ ದಳಗಳು ಲೆಕ್ಕದ ಪುಸ್ತಕದ ಅಂಕಿಗಳಾಗಿ ಉಳಿಯುತ್ತವೆ. ಅವು ಪರಸ್ಪರ ಎದುರಾದಾಗ ಬಲಾಬಲಗಳನ್ನು ತೂಗಿ, ಅದೃಷ್ಟಕ್ಕೂ ಒಂದಿಷ್ಟು ಎಡೆಗೊಟ್ಟು, ಯಂತ್ರವು ಅಳಿದವರ ಉಳಿದವರ ಲೆಕ್ಕವನ್ನು ತೆಗೆಯುತ್ತದೆ.

ಅನಾಥ ಶಿಶುವಿನ ಪೋಷಕರು

ಇಂತಹ ಆಟಕ್ಕೆ ಬಾಲಾರಿಷ್ಟ ತಪ್ಪಲಿಲ್ಲ. ಪ್ರಕಟವಾದಾಗ ಅದರಲ್ಲಿ ದೋಷಗಳು ತುಂಬಿದ್ದವು. ಅವುಗಳನ್ನು ಒಂದೊಂದಾಗಿ ತಿದ್ದುತ್ತಿದ್ದ ತಂಡವೇ 1999ರ ಕೊನೆಯಲ್ಲಿ ವಿಸರ್ಜನೆಗೊಂಡಿತು. ಮರುವರ್ಷ ಆಟದ ಮೂಲಲಿಪಿ, ಎಂದರೆ ಅದನ್ನು ನಡೆಸುವ ಆಜ್ಞೆಗಳ ಹಸ್ತಪ್ರತಿ, ಗುಟ್ಟಾಗಿ ಹೊರಬಿದ್ದಿತು. ಅದು ನ್ಯಾಯಸಮ್ಮತವಾದ ಮಾರ್ಗವಲ್ಲವೆಂಬುದು ನಿಜ. ಆದರೂ ಅದರಿಂದಲೇ ಆಟ ಬದುಕಿತು. ಹಲವು ದೇಶಗಳ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಅದನ್ನು ತಿದ್ದತೊಡಗಿದರು. ಅವರಲ್ಲಿ ‘ಬೆಂಚ್‌ಮಾರ್ಕ್ ಸಿಮ್ಸ್’ ಎಂಬ ತಂಡ 2011ರಲ್ಲಿ ಹೊರತಂದ 4.32ನೆಯ ಆವೃತ್ತಿಯಿಂದ ಹೊಸ ಯುಗವೇ ಆರಂಭವಾಯಿತೆನ್ನಬಹುದು. 2022ರಲ್ಲಿ, ಕಣ್ಣಿಗೆ ಕಟ್ಟಿಕೊಳ್ಳುವ ಸಾಧನದ ಮೂಲಕ ವಿಮಾನದೊಳಗೇ ಕುಳಿತ ಅನುಭವವನ್ನು ನೀಡುವ ಏರ್ಪಾಡು ಸೇರಿತು. 2025ರ 4.38ನೆಯ ಆವೃತ್ತಿಯಲ್ಲಿ ನೆಲದ ಚಿತ್ರಣವೇ ಹೊಸದಾಯಿತು. ಇದಾವುದಕ್ಕೂ ಅವರು ಬೆಲೆ ಕೇಳುವುದಿಲ್ಲ. ಮೂಲ ಆಟವನ್ನು ಕೊಂಡಿದ್ದರೆ ಸಾಕು. ತಾವು ಕಟ್ಟದ ಗುಡಿಗೆ ವರ್ಷ ವರ್ಷವೂ ಸುಣ್ಣ ಬಳಿಯುವ ಭಕ್ತರ ನಿಷ್ಠೆ ಇದು. ಹಳೆಯ ಹೆಸರಿನಲ್ಲಿಯೇ ಮರುಹುಟ್ಟು ಪಡೆದ ಮೈಕ್ರೋಪ್ರೋಸ್ 2023ರಲ್ಲಿ ಫಾಲ್ಕನ್‌ನ ಹಕ್ಕುಗಳನ್ನು ಮರಳಿ ಪಡೆದುದರಿಂದ ಆಟಕ್ಕೆ ಮತ್ತೆ ಒಬ್ಬ ಯಜಮಾನನೂ ದೊರೆತಂತಾಯಿತು.

ಗುಳ್ಳೆಯ ಹೊರಗಿನ ಮನುಷ್ಯ

ಆಟ ಎಷ್ಟೇ ನಿಜವೆನಿಸಿದರೂ ಕೊರಿಯಾ ಆಟದ ಹಲಗೆಯಲ್ಲ. 1950ರಲ್ಲಿ ಅಲ್ಲಿ ಆರಂಭವಾದ ನಿಜವಾದ ಯುದ್ಧ 1953ರ ಜುಲೈ 27ರಂದು ಕದನವಿರಾಮದಲ್ಲಿ ನಿಂತಿತು. ಶಾಂತಿಯ ಒಪ್ಪಂದ ಮಾತ್ರ ಇಂದಿಗೂ ಆಗಿಲ್ಲ. ಆ ಯುದ್ಧದ ಕೊನೆಯ ಅಧ್ಯಾಯದಲ್ಲಿ ಕನ್ನಡನಾಡಿಗೂ ಪಾಲುಂಟು. ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚಿನ ಸೆರೆಯಾಳುಗಳ ವಿಚಾರವನ್ನು ಬಗೆಹರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ವೀರ ಜನರಲ್ ಕೆ.ಎಸ್. ತಿಮ್ಮಯ್ಯನವರೇ ಅಧ್ಯಕ್ಷರು. ಯಾವ ಸೆರೆಯಾಳಿನ ಮೇಲೂ ಬಲವಂತ ನಡೆಯದಂತೆ ಕಾಪಾಡುವುದು, ಊರಿಗೆ ಹೋಗುವೆನೆಂದೋ ಒಲ್ಲೆನೆಂದೋ ತನ್ನ ಮನಸ್ಸನ್ನು ಅವನೇ ತಿಳಿಸಲು ಎಡೆಮಾಡಿಕೊಡುವುದು ಅವರ ಹೊಣೆಯಾಗಿದ್ದಿತು. ಅಂದರೆ, ಅಂಕಿಯಾಗಿದ್ದವನನ್ನು ಮತ್ತೆ ಮನುಷ್ಯನನ್ನಾಗಿ ಕಾಣುವ ಕೆಲಸ.

ಯಂತ್ರಕ್ಕೆ ಸಾಧ್ಯವಾಗದ ಕೆಲಸವೆಂದರೆ ಇದೊಂದೇ. ಮುರಿದ ಸೇತುವೆಯನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಆ ಸೇತುವೆಯ ಮೇಲೆ ಸಂತೆಗೆ ಹೋಗುತ್ತಿದ್ದವರನ್ನು ಅರಿಯದು. ಹಾಗೆಂದು ಆಟವನ್ನು ಹಳಿಯಬೇಕಾಗಿಲ್ಲ. ಸಮರವೆಂಬುದು ಒಬ್ಬ ಶೂರನ ಸಾಹಸವಲ್ಲ, ಯಾರಿಗೂ ಕಾಯದೆ ಉರುಳುವ ಚಕ್ರವೆಂಬ ಸತ್ಯವನ್ನು ಅದು ಇತರ ಆಟಗಳಿಗಿಂತ ಚೆನ್ನಾಗಿ ಕಲಿಸುತ್ತದೆ. ಉಳಿದರ್ಧ ಪಾಠವನ್ನು ಮನೆಯ ಹಿರಿಯರು ಹೇಳಬೇಕು. ನಿಮ್ಮ ಮನೆಯ ಉತ್ತರಕುಮಾರ ವಿಜಯಿಯಾಗಿ ಕುರ್ಚಿಯಿಂದ ಎದ್ದಾಗ, ಎಷ್ಟು ವಿಮಾನ ಕೆಡವಿದೆಯೆಂದು ಕೇಳುವ ಬದಲು, ಎಷ್ಟು ಮಂದಿ ಮನೆಗೆ ಮರಳಿದರೆಂದು ಕೇಳಿ ನೋಡಿ. ಆ ಪ್ರಶ್ನೆಗೆ ಉತ್ತರ ಹುಡುಕುವವನು ಬೇಗನೆ ದೊಡ್ಡವನಾಗುತ್ತಾನೆ.