ಕುಡಿಯುವ ನೀರಿನ ಫಿಲ್ಟರ್ ಆಯ್ಕೆ: ಮೊದಲು ಪರೀಕ್ಷಾ ವರದಿ, ಅನಂತರ ಯಂತ್ರ

ಶುದ್ಧ ಕುಡಿಯುವ ನೀರಿನ ಘಟಕದ ವಿಷಯ ಸಭೆಯ ಮುಂದೆ ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ: ಗಂಟೆಗೆ ಎಷ್ಟು ಲೀಟರ್? ದರ ಎಷ್ಟು? ಇವೆರಡಕ್ಕೂ ಮೊದಲು ಮಾನ್ಯ ಸದಸ್ಯರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ನೀರಿನಿಂದ ತೆಗೆಯಬೇಕಾದದ್ದು ಏನು? ಪ್ರತಿಯೊಂದು ಫಿಲ್ಟರ್ ತನ್ನ ಕೆಲಸವನ್ನಷ್ಟೇ ಮಾಡುತ್ತದೆ; ಉಳಿದದ್ದನ್ನು ಹಾಗೆಯೇ ಬಿಡುತ್ತದೆ.

ನೀರಿನಲ್ಲಿರುವ ದೋಷಗಳಲ್ಲಿ ಕೆಲವು ತೇಲುವ ಕಣಗಳು, ಕೆಲವು ಕರಗಿದ ಲವಣಗಳು. ಮಣ್ಣು, ತುಕ್ಕು, ಪಾಚಿ ಮೊದಲನೆಯ ಬಗೆಯವು. ಮರಳಿನ ಫಿಲ್ಟರ್ ಮತ್ತು ಕಾರ್ಟ್ರಿಜ್ ಇವನ್ನು ತಡೆಯುತ್ತವೆ. ಆದರೆ ಕಾರ್ಟ್ರಿಜ್ ಮೇಲೆ ‘5 ಮೈಕ್ರಾನ್’ ಎಂದಿದ್ದರೆ ಅದಕ್ಕಿಂತ ಸಣ್ಣ ಕಣಗಳು ದಾಟಿಹೋಗುತ್ತವೆ ಎಂದರ್ಥ. ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಒಂದೆರಡು ಮೈಕ್ರಾನ್ ಗಾತ್ರದವು. ಆದುದರಿಂದ ತಿಳಿಯಾಗಿ ಕಂಡ ನೀರೆಲ್ಲ ನಿರಪಾಯವಲ್ಲ. ಕ್ಲೋರಿನೀಕರಣ ಬೇಕೇ ಬೇಕು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು.

ಫ್ಲೋರೈಡ್ ಮತ್ತು ನೈಟ್ರೇಟ್ ಕರಗಿದವು. ಸಕ್ಕರೆ ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಕ್ಕರೆ ಹೇಗೆ ಉಳಿಯುವುದೋ ಹಾಗೆ ಇವೂ ಮರಳು, ಕಾರ್ಟ್ರಿಜ್, ಇದ್ದಿಲಿನ ಫಿಲ್ಟರ್‌ಗಳನ್ನು ದಾಟಿ ಉಳಿಯುತ್ತವೆ. ಕುದಿಸಿದರಂತೂ ನೀರು ಆವಿಯಾಗಿ ಇವುಗಳ ಪ್ರಮಾಣ ಹೆಚ್ಚುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂತಹ ಬಯಲುಸೀಮೆಯ ಭಾಗಗಳಿಗೆ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಜಲಮೂಲ ಇಲ್ಲದಿದ್ದಲ್ಲಿ ಗರಿಷ್ಠ 1.5. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿದಾಗ, ಹಿರಿಯರ ಬೆನ್ನು ಮತ್ತು ಕೀಲುಗಳು ಬಿಗಿದಾಗ ಮಾತ್ರ ತಿಳಿಯುತ್ತದೆ. ಬಾಗಿದ ಮೂಳೆಯನ್ನು ಅನಂತರ ಸರಿಪಡಿಸಲಾಗದು. ಲವಣಾಂಶ ಹೆಚ್ಚಿಲ್ಲದೆ ಫ್ಲೋರೈಡ್ ಮಾತ್ರ ಹೆಚ್ಚಿದ್ದರೆ ಸಕ್ರಿಯ ಅಲ್ಯೂಮಿನಾ ಫಿಲ್ಟರ್ ಸಾಕಾಗಬಹುದು. ಆದರೆ ಅದು ನಿರ್ದಿಷ್ಟ ಪ್ರಮಾಣ ಹೀರಿದ ಮೇಲೆ ನಿಷ್ಕ್ರಿಯವಾಗುತ್ತದೆ. ಆಗಲೂ ನೀರು ಮೊದಲಿನಂತೆಯೇ ಕಾಣುತ್ತದೆ, ಜನ ಹಣ ಕೊಟ್ಟು ಕೊಂಡೊಯ್ಯುತ್ತಲೇ ಇರುತ್ತಾರೆ. ಪುನಶ್ಚೇತನದ ಅವಧಿ ಹಾಗೂ ಹೊಣೆ ಒಪ್ಪಂದದಲ್ಲಿ ಇಲ್ಲದಿದ್ದರೆ ಅಂತಹ ಘಟಕವನ್ನು ಒಪ್ಪಿಕೊಳ್ಳದಿರುವುದೇ ಲೇಸು.

ಕರಗಿದ ಒಟ್ಟು ಲವಣ, ಅಂದರೆ ಟಿ.ಡಿ.ಎಸ್., ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಪರ್ಯಾಯ ಮೂಲ ಇಲ್ಲದಿದ್ದಲ್ಲಿ 2000 ಗರಿಷ್ಠ ಮಿತಿ. ನೈಟ್ರೇಟಿಗೆ 45ರ ಮಿತಿಯಲ್ಲಿ ಸಡಿಲಿಕೆ ಇಲ್ಲ. ಲವಣ, ಫ್ಲೋರೈಡ್, ನೈಟ್ರೇಟ್ ಒಟ್ಟಿಗೆ ಹೆಚ್ಚಿದ್ದಲ್ಲಿ ಆರ್.ಓ. ಘಟಕ ಸೂಕ್ತ. ಲವಣ ಕಡಿಮೆಯಿರುವ ಕೆರೆ ಅಥವಾ ನದಿ ನೀರಿಗೆ ಅದನ್ನು ಅಳವಡಿಸುವುದು ನೀರಿನ ಮತ್ತು ವಿದ್ಯುತ್ತಿನ ಪೋಲು.

ಆರ್.ಓ. ತ್ಯಾಜ್ಯ ನೀರಿನ ಲೆಕ್ಕವನ್ನು ಸದಸ್ಯರು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 1000 ಲೀಟರ್ ನೀರಿನಿಂದ 500 ಲೀಟರ್ ಶುದ್ಧ ನೀರು ಪಡೆದರೆ, ಉಳಿದ 500 ಲೀಟರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 4 ಮಿಲಿಗ್ರಾಂ ಆಗುತ್ತದೆ. ಅದನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಅದೇ ನೀರು ಮತ್ತೆ ನಮ್ಮ ಜಲಮೂಲಕ್ಕೆ ಸೇರುವ ಅಪಾಯವಿದೆ. ಶೌಚಾಲಯ ತೊಳೆಯಲು ಬಳಸಬಹುದು; ಜಾನುವಾರುಗಳ ತೊಟ್ಟಿಗೆ ಬಿಡಬಾರದು.

ಮೇಲೆತ್ತಿದಾಗ ತಿಳಿಯಾಗಿದ್ದು ಸ್ವಲ್ಪ ಹೊತ್ತಿನಲ್ಲಿ ಕೆಂಪಾಗುವ ನೀರಿನಲ್ಲಿ ಕಬ್ಬಿಣವಿದೆ. ಗಾಳಿಯಾಡಿಸಿ ಮರಳಿನಲ್ಲಿ ಸೋಸಿದರೆ ಬಹುಮಟ್ಟಿಗೆ ಹೋಗುತ್ತದೆ. ಈ ನೀರನ್ನು ನೇರವಾಗಿ ಆರ್.ಓ. ಪೊರೆಗೆ ಹಾಯಿಸಿದರೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಕ್ಲೋರಿನ್ ಕೂಡ ಪೊರೆಯನ್ನು ಕೆಡಿಸುತ್ತದೆ. ಅದಕ್ಕಾಗಿಯೇ ಮೊದಲು ಇದ್ದಿಲಿನ ಫಿಲ್ಟರ್ ಇಡುವುದು.

ನಿರ್ವಹಣೆಯಲ್ಲಿ ನಿರ್ವಾಹಕರು ಕಾರ್ಟ್ರಿಜ್‌ನ ಹಿಂದಿನ ಮತ್ತು ಮುಂದಿನ ಒತ್ತಡಮಾಪಕಗಳನ್ನು ದಿನವೂ ನೋಡಿ ದಾಖಲಿಸಬೇಕು. ಎರಡರ ವ್ಯತ್ಯಾಸ ಏರುತ್ತಿದ್ದರೆ ಕಾರ್ಟ್ರಿಜ್ ಕಟ್ಟಿಕೊಂಡಿದೆ. ಗುತ್ತಿಗೆದಾರರು ಟಿ.ಡಿ.ಎಸ್. ಮಾಪಕವನ್ನು ಮಾತ್ರ ತೋರಿಸಿದರೆ ಸಾಲದು. ಅದು ಫ್ಲೋರೈಡನ್ನಾಗಲಿ ಬ್ಯಾಕ್ಟೀರಿಯಾವನ್ನಾಗಲಿ ಬೇರೆಯಾಗಿ ತೋರಿಸದು. ಮೂಲದ ನೀರು, ಘಟಕದಿಂದ ಹೊರಬಂದ ನೀರು ಎರಡರ ಮಾದರಿಯನ್ನೂ ಮಳೆಗಾಲದ ಮೊದಲು ಮತ್ತು ನಂತರ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿಯನ್ನು ಬಳಸಬೇಕು. ವರದಿಯ ಒಂದು ಪ್ರತಿಯನ್ನು ಘಟಕದ ಗೋಡೆಯ ಮೇಲೆ, ನೀರು ಹಿಡಿಯುವವರ ಕಣ್ಣಿಗೆ ಬೀಳುವಂತೆ ಅಂಟಿಸತಕ್ಕದ್ದು.