ಕಿಣ್ವದ ಬಾಯಿ ತೆರೆಯುವುದು ಯಾವಾಗ?

ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನ ನರಕೋಶಗಳ ನಡುವೆ ಗಡ್ಡೆಗಟ್ಟುವ ಅಮೈಲಾಯ್ಡ್ ಬೀಟಾ ನಮ್ಮ ಮೈಯೇ ತಯಾರಿಸುವ ಪೆಪ್ಟೈಡ್. ಹೆಚ್ಚಾಗಿ 40 ಅಥವಾ 42 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದನ್ನು ತುಂಡರಿಸುವ ಕಿಣ್ವಗಳೂ ನಮ್ಮಲ್ಲೇ ಇವೆ. ಇನ್ಸುಲಿನ್ನನ್ನು ಒಡೆಯುವ ಐಡಿಇ ಎಂಬ ಕಿಣ್ವ ಅವುಗಳಲ್ಲೊಂದು. 2006ರಲ್ಲಿ ಪ್ರಕಟವಾದ ಇದರ ಸ್ಫಟಿಕ ರಚನೆ, ಬಾಯಿಗೆ ಬಾಯಿ ಸೇರಿಸಿಟ್ಟ ಎರಡು ಬಟ್ಟಲುಗಳಂತಿತ್ತು. ಒಳಗಿನ ಪೊಳ್ಳಿನಲ್ಲಿ ಕತ್ತರಿಸುವ ಕೆಲಸಕ್ಕೆ ನೆರವಾಗುವ ಒಂದು ಸತುವಿನ ಅಯಾನು. ಪೆಪ್ಟೈಡ್ ತುಂಡಾಗದೆ ಒಳಗೇ ಉಳಿಯಲೆಂದು, ಕಿಣ್ವದ 111ನೇ ಸ್ಥಾನದ ಗ್ಲುಟಾಮೇಟನ್ನು ತೆಗೆದು ಗ್ಲುಟಮೀನನ್ನು ಕೂರಿಸಿದ್ದರು. ಪೆಪ್ಟೈಡ್ ಒಳಗಿತ್ತು, ಆದರೆ ಬಟ್ಟಲುಗಳು ಮುಚ್ಚಿದ್ದವು. ಅದು ಒಳಹೊಕ್ಕದ್ದು ಹೇಗೆಂದು ನಿಂತ ಚಿತ್ರ ಹೇಳಲಾರದು. ಕಂಪ್ಯೂಟರ್ ಸಿಮ್ಯುಲೇಶನ್ ಬೇಕಾಗುವುದು ಇಂಥಲ್ಲಿ.

ಈ ವಿಧಾನದಲ್ಲಿ ಕಿಣ್ವ, ಪೆಪ್ಟೈಡ್ ಮತ್ತು ಸುತ್ತಲಿನ ನೀರಿನ ಪ್ರತಿ ಪರಮಾಣುವಿನ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಆ ಪರಮಾಣುವನ್ನು ಒಂದು ಹೆಜ್ಜೆ ಸರಿಸುತ್ತಾರೆ. ಹೆಜ್ಜೆಯ ಅವಧಿ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ಒಂದೇ ಒಂದು ಮೈಕ್ರೊಸೆಕೆಂಡಿನ ಚಲನೆ ನೋಡಬೇಕಾದರೆ 50 ಕೋಟಿ ಹೆಜ್ಜೆ ಇಡಬೇಕು. 1977ರಲ್ಲಿ ಮಾರ್ಟಿನ್ ಕಾರ್ಪ್ಲಸ್ ತಂಡ ಒಂದು ಚಿಕ್ಕ ಪ್ರೋಟೀನಿನ ಚಲನೆಯನ್ನು 10 ಪಿಕೊಸೆಕೆಂಡಿಗೂ ಕಡಿಮೆ ಅವಧಿಗೆ ಲೆಕ್ಕ ಹಾಕಿತ್ತು. ಅದೇ ಪ್ರೋಟೀನನ್ನು 2010ರಲ್ಲಿ ಆಂಟನ್ ಎಂಬ ವಿಶೇಷ ಯಂತ್ರ ಒಂದು ಮಿಲಿಸೆಕೆಂಡಿನವರೆಗೆ ಹಿಂಬಾಲಿಸಿತು. ಆದರೆ ಸತುವಿನ ಬಳಿ ಬಂಧ ಮುರಿಯುವ ಗಳಿಗೆ ನ್ಯೂಟನ್ನನ ಲೆಕ್ಕಕ್ಕೆ ಸಿಗದು. ಅಷ್ಟು ಜಾಗಕ್ಕೆ ಕ್ವಾಂಟಮ್ ಲೆಕ್ಕ, ಉಳಿದದ್ದಕ್ಕೆ ಸರಳ ಲೆಕ್ಕ ಎಂದು ಎರಡನ್ನೂ ಬೆಸೆಯುವ ವಿಧಾನಗಳಿಗೆ ದಾರಿ ಮಾಡಿದ ಕಾರ್ಪ್ಲಸ್, ಮೈಕೆಲ್ ಲೆವಿಟ್ ಮತ್ತು ಆರಿಯೆ ವಾರ್ಶೆಲ್ 2013ರ ನೊಬೆಲ್ ಪಡೆದರು.

ಬಲಗಳ ಸೂತ್ರ ನಾವೇ ಬರೆದದ್ದು, ಫಲಿತಾಂಶವನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಮೈಲಾಯ್ಡ್ ಬೀಟಾದಂತೆ ಸ್ಥಿರ ಆಕಾರವಿಲ್ಲದ ಪೆಪ್ಟೈಡನ್ನು ಹಳೆಯ ಸೂತ್ರಗಳು ವಾಸ್ತವಕ್ಕಿಂತ ಮುದುಡಿದಂತೆ ತೋರಿಸುತ್ತಿದ್ದವು. ಆ ತಪ್ಪನ್ನು ಹಿಡಿದದ್ದು ಪ್ರಯೋಗ. ನಂಬಿಕೆ ಹುಟ್ಟಬೇಕಾದದ್ದೂ ಪ್ರಯೋಗದಿಂದಲೇ. ಐಡಿಇಯ ಎರಡು ಬಟ್ಟಲುಗಳ ಹಿಡಿತವನ್ನು ಸಡಿಲಿಸುವ ಮಾರ್ಪಾಡುಗಳಿಂದ ಅದರ ಚಟುವಟಿಕೆ ಸುಮಾರು 40 ಪಟ್ಟಿನವರೆಗೆ ಏರಿದ್ದು 2006ರಲ್ಲೇ ಕಂಡಿತ್ತು. 2018ರಲ್ಲಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೆರೆದ ಸ್ಥಿತಿಗಳನ್ನೇ ತೋರಿಸಿತು. ಆ ಸ್ಥಿತಿಗಳ ನಡುವಿನ ಚಲನೆಯನ್ನು ಅರಿಯಲು ಸಿಮ್ಯುಲೇಶನ್ ಜೊತೆಗೂಡಿತು.

ಹಾಗಿದ್ದರೆ ಕಾಯಿಲೆಯನ್ನು ಗುಣಪಡಿಸುವ ಮದ್ದು ಯಾಕೆ ಬಂದಿಲ್ಲ ಎಂದು ಕೇಳಬಹುದು. ಅಮೈಲಾಯ್ಡ್ ಬೀಟಾ ಹುಟ್ಟಲು ಕಾರಣವಾಗುವ ಬೇಸ್-1 ಕಿಣ್ವವನ್ನು ತಡೆಯುವ ವೆರುಬೆಸೆಸ್ಟಾಟ್ ಎಂಬ ಔಷಧ, ಮಿದುಳು ದ್ರವದಲ್ಲಿ ಆ ಪೆಪ್ಟೈಡನ್ನು ಇಳಿಸಿತು. ರೋಗಿಗಳ ಮರೆವನ್ನು ತಗ್ಗಿಸಲಿಲ್ಲ. ಇಲ್ಲಿ ಸೋತದ್ದು ಅಣು ಕಿಣ್ವದಲ್ಲಿ ಕೂರುತ್ತದೆಂಬ ಲೆಕ್ಕವಲ್ಲ, ಆ ಕಿಣ್ವವನ್ನು ತಡೆದರೆ ಕಾಯಿಲೆ ನಿಲ್ಲುತ್ತದೆಂಬ ಊಹೆ. ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅಣುವಿನ ಮಟ್ಟದ ಪ್ರಶ್ನೆಗೆ ಸಿಮ್ಯುಲೇಶನ್ ಉತ್ತರ ಕೊಡಬಲ್ಲದು, ಮನುಷ್ಯನ ಮಟ್ಟದ ಪ್ರಶ್ನೆಗೆ ಚಿಕಿತ್ಸಾ ಪರೀಕ್ಷೆಯೇ ಬೇಕು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದರೆ ರೋಗಿಗಳಿಗೆ ಸಿಗುವುದು ಹುಸಿ ಭರವಸೆ ಮಾತ್ರ.