ಕುರಿ, ನಾಯಿ, ಎರಡು ಹೊಳೆ

ರಾಯಚೂರು ಸೀಮೆಯ ಕುರಿಗಾರರಿಗೆ ದಾರಿ ಗೊತ್ತುಮಾಡಿಕೊಟ್ಟಿದ್ದು ಎರೆಮಣ್ಣು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಬಹುಪಾಲು ಎರೆ. ಮಳೆ ಬಿದ್ದರೆ ಈ ಮಣ್ಣು ಮೆತ್ತಿಕೊಂಡು ಕುರಿಯ ಗೊರಸು ಕೊಳೆಯುತ್ತದೆ. ಹೊಲದಲ್ಲಿ ಬೆಳೆಯೂ ನಿಂತಿರುತ್ತದೆ. ಹಾಗಾಗಿ ಮಳೆಗಾಲಕ್ಕೆ ದೇವದುರ್ಗ, ಲಿಂಗಸುಗೂರು ಕಡೆಯ ಕಲ್ಲುಗುಡ್ಡ, ಕುರುಚಲು ಕಾಡು. ಸುಗ್ಗಿ ಮುಗಿದರೆ ಬರಿದಾದ ಹೊಲ. ಬೇಸಿಗೆಗೆ ಹೊಳೆದಂಡೆ. ಮುಂಗಾರು ಹಿಡಿದರೆ ಮತ್ತೆ ಗುಡ್ಡ. ಪಟ್ಟಣದವರು ಚಾರಣವೆಂದು ದುಡ್ಡು ತೆತ್ತು ನೋಡುವುದೆಲ್ಲ ಈ ಸುತ್ತಿನಲ್ಲಿದೆ. ಕುರಿಗಾರನಿಗೆ ಮಾತ್ರ ನೋಡುತ್ತ ನಿಲ್ಲಲು ಪುರುಸೊತ್ತಿಲ್ಲ.

ಈ ಕಸುಬು ಎಷ್ಟು ಹಳೆಯದು? ಮುದಗಲ್ಲಿನ ಬಳಿಯ ಪಿಕ್ಕಲಿಹಾಳದಲ್ಲಿ 1952ರಲ್ಲಿ ಉತ್ಖನನ ಮಾಡಿದ ಪುರಾತತ್ವಜ್ಞ ರೇಮಂಡ್ ಆಲ್ಚಿನ್, ಆಮೇಲೆ ಕೃಷ್ಣೆಯಾಚೆಯ ಉಟ್ನೂರಿನ ಬೂದಿದಿಬ್ಬವನ್ನೂ ಅಗೆದರು. ದನಗಳನ್ನು ಕೂಡಿಹಾಕಿದ್ದ ಬೇಲಿಯ ಗೂಟದ ಗುಳಿಗಳು, ಗೊರಸಿನ ಗುರುತುಗಳು ಅಲ್ಲಿ ಸಿಕ್ಕವು. ಸಗಣಿ ಸುಟ್ಟು ಆದ ದಿಬ್ಬ ಅದು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಅಂದಿನವರೇ ಇಂದಿನವರ ಹಿರಿಯರು ಎನ್ನಲು ಆಧಾರವಿಲ್ಲ. ಆದರೆ ಈ ನೆಲದಲ್ಲಿ ಹಟ್ಟಿ ಹಾಕುವುದು ಊರು ಕಟ್ಟಿದಷ್ಟೇ ಹಳೆಯ ಕಸುಬು.

ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ. ಅದಕ್ಕೆ ರೈತ ಕಾಳು ಕೊಡುತ್ತಿದ್ದ, ಈಗ ರೊಕ್ಕ ಕೊಡುತ್ತಾನೆ. ತೆಂಗಿನಕಾಯಿ ಬಣ್ಣದ ಕೆಂಗುರಿ ಇಲ್ಲಿಯದೇ ತಳಿ, ಉಣ್ಣೆಗಲ್ಲ, ಮಾಂಸಕ್ಕೆ.

ರಾತ್ರಿಯೆಂದರೆ ನಾಯಿಯ ಪಾಳಿ. ಮುಧೋಳದ ಬೇಟೆನಾಯಿ ಮೊಲ ಕಂಡರೆ ಹಟ್ಟಿ ಬಿಟ್ಟು ಓಡುವ ಜಾತಿ. ಇಲ್ಲಿ ಬೇಕಾದದ್ದು ಕದಲದೆ ಕೂತು, ತೋಳದ ವಾಸನೆಗೆ ಎದ್ದು ನಿಲ್ಲುವ ನಾಯಿ. ಕುರಿಮರಿಗಳ ಜೊತೆಯಲ್ಲೇ ಬೆಳೆದ ನಾಟಿ ನಾಯಿಗೆ ಹಟ್ಟಿಯೇ ಮನೆ. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಹಟ್ಟಿನಾಯಿಗೆ ತಳಿಯ ಹೆಸರೂ ಇಲ್ಲ. ಅದರ ಮರ್ಯಾದೆ ಇರುವುದು ಮೈಲಾರಲಿಂಗನ ಸನ್ನಿಧಿಯಲ್ಲಿ: ಕರಿಕಂಬಳಿ ಹೊದ್ದ ಅವನ ಭಕ್ತರಾದ ಗೊರವರು ದೇವರ ನಾಯಿಗಳಾಗಿ ಬೊಗಳಿ, ದೋಣಿಯೆಂಬ ಪಾತ್ರೆಯಲ್ಲಿಟ್ಟ ಹಾಲು–ಬಾಳೆಹಣ್ಣು ತಿನ್ನುತ್ತಾರೆ. ಹೊಳೆಯಲ್ಲಿ ಮಾತ್ರ ಹಟ್ಟಿನಾಯಿಯ ಕಾವಲು ನಡೆಯದು. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ, ನಾಯಿಯೂ ಅವಕ್ಕೆ ಆಹಾರವೇ.

ಸುತ್ತಿನ ದಿಕ್ಕು ಕೆಡಿಸಿದ್ದು ಕಾಲುವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ನೀರು ನಿಂತಿತು; 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿಯ ಜೋಳದ ಹೊಲಗಳನ್ನು ಗದ್ದೆ ಮಾಡಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ಬಂತು. ಜೋಳದ ಹೊಲ ಸುಗ್ಗಿಯಾದ ಮೇಲೆ ತಿಂಗಳುಗಟ್ಟಲೆ ಬೀಳುಬಿದ್ದಿರುತ್ತಿತ್ತು. ಎರಡು ಬೆಳೆಯ ಗದ್ದೆಯಲ್ಲಿ ಕೂಳೆ ಮೇಯಲು ಸಿಗುವುದು ಕೆಲವೇ ದಿನ. ಅಲ್ಲಿಂದ ಮುಂದೆ ಕುರಿಗಾರ ಹಬ್ಬ–ಹುಣ್ಣಿಮೆ ನೋಡಿ ಹೊರಡುವುದಿಲ್ಲ, ಕಾಲುವೆಗೆ ನೀರು ಬಿಡುವ ದಿನ ಕೇಳಿ ಹೊರಡುತ್ತಾನೆ. ಕಾಲುವೆ ಬಂದದ್ದು ತಪ್ಪೆಂದು ನಾನು ಹೇಳಲಾರೆ. ಬರದ ನಾಡು ಅನ್ನ ಕಂಡಿದ್ದು ಅದರಿಂದಲೇ. ಆದರೆ ಕುರಿಯ ದಾರಿಯನ್ನು ಯಾವ ನಕ್ಷೆಯೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬಂಡಿದಾರಿ ಒತ್ತುವರಿಯಾದರೆ ಹಿಂಡು ಡಾಂಬರು ರಸ್ತೆಗೇ ಬರಬೇಕು.

ಪ್ರತಿ ಸಂಕ್ರಾಂತಿಯ ಹೊತ್ತಿಗೆ ದೇವದುರ್ಗ ತಾಲ್ಲೂಕಿನ ತಿಂಥಣಿ ಬ್ರಿಜ್‌ನ ಕನಕ ಗುರುಪೀಠದಲ್ಲಿ ಕುರುಬ ಸಮುದಾಯದ ಉತ್ಸವ, ಹಾಲುಮತ ಸಂಸ್ಕೃತಿ ವೈಭವ, ನಡೆಯುತ್ತದೆ. ಗಾಯರಾಣ (ಗೋಮಾಳ), ಬಂಡಿದಾರಿ ಉಳಿಸುವ ಮಾತು ಅಲ್ಲಿ ಗಟ್ಟಿಯಾಗಿ ಬರಲಿ. ರೈತರಲ್ಲಿ ನನ್ನದೊಂದು ಸಣ್ಣ ವಿನಂತಿ: ಹತ್ತಿ, ಮೆಣಸಿನಕಾಯಿಗೆ ಕೀಟನಾಶಕದ ಎಣ್ಣೆ ಹೊಡೆದಿದ್ದರೆ ಬದುವಿಗೊಂದು ಬಟ್ಟೆ ಕಟ್ಟಿ, ಹಾದುಹೋಗುವ ಕುರಿಗಾರನಿಗೆ ಮೊದಲೇ ಹೇಳಿ.